ಹುಣಸೆಮರದ ಕೆಳಗೆ ನಿಂತವರು

ಹಿಂದೂಪುರ
21-8-1986

ಅಕ್ಕ ರಂಗಲಕ್ಷ್ಮಮ್ಮನಿಗೆ ತಮ್ಮ ಪಾಪಯ್ಯನ ನಮಸ್ಕಾರ.

ಇಲ್ಲಿ ನಾನು, ನನ್ನ ಸ್ಟುಡಿಯೋ, ಸ್ಟುಡಿಯೋದ ಮುಂದಿನ ಚರಂಡಿ ಎಲ್ಲರೂ ಮೊದಲಿನಂತೆಯೇ ಇದ್ದೇವೆ. ಮೊನ್ನೆ ಹೇಳದೆ ಕೇಳದೆ ಬಂದು, ನಿನ್ನ ಕೈಯ ಮುದ್ದೆ ಉಂಡು, ಬಂದ ಕಾರಣವನ್ನು ಅರ್ಧಂಬರ್ಧ ಹೇಳಿ ಬಸ್ಸು ಹಿಡಿದೆ. ಈಗ ಪೂರ್ತಿ ಹೇಳುತ್ತೇನೆ.

ಇಲ್ಲಿನ ಜವಳಿ ಅಂಗಡಿಯ ಸುಬ್ಬರಾಯಪ್ಪನವರು ವರ್ಷ ವರ್ಷವೂ ಗಿರಾಕಿಗಳಿಗೆ ಕ್ಯಾಲೆಂಡರು ಹಂಚುತ್ತಾರೆ. ಇಷ್ಟು ವರ್ಷ ಲಕ್ಷ್ಮಿ, ವೆಂಕಟರಮಣ. ಈ ಸಲ ನನ್ನನ್ನು ಕರೆಸಿ, "ದೇವುಡು ಅಂದರಿ ಅಂಗಟ್ಲೋನೂ ಉನ್ನಾಡಯ್ಯಾ, ಎಲ್ರ ಅಂಗಡಿಯಾಗೂ ಅವ್ನೇ. ನಮ್ಮ ಅಂಗಡಿಯಾಗೆ ಬೇರೆ ಏನಾನ ಇರ್ಲಿ" ಎಂದರು. ಆ ಬೇರೆ ಏನು ಎಂಬುದನ್ನು ನಾನೇ ಹೇಳಬೇಕಾಯಿತು. ಎಂಬತ್ತೆಂಟನೇ ಇಸವಿಯ ಕ್ಯಾಲೆಂಡರಿಗೆ ಆರು ಹಾಳೆ, ಆರು ಋತು, ಜಾಗ ಮಾತ್ರ ಒಂದೇ. ಅದೇ ಬಂಡೆಯ ಮೇಲೆ ನಿಂತು ವರ್ಷವಿಡೀ ಅದೇ ಹೊಲ, ಅದೇ ಮರ, ಅದೇ ಆಕಾಶ. "ಹೊಲಕ್ಕೆ ಹಸಿರು, ಅಂಗಡಿಗೆ ಹೆಸರು" ಎಂದೆ. ಪ್ರಾಸ ಕೇಳಿ ಒಪ್ಪಿದರು. ಚಿತ್ರ ನೋಡಿಯೂ ಒಪ್ಪಿದರೆ ನನ್ನ ಪುಣ್ಯ.

ಜಾಗ ಯಾವುದೆಂದು ಹುಡುಕಲಿಲ್ಲ. ನಿಮ್ಮೂರಿಗೆ ಮುಂಚೆ ಸಿಗುವ ಗುಡ್ಡ ಹತ್ತಿದರೆ ಎದುರಿಗೆ ನಿನ್ನ ಕಡಲೆಕಾಯಿ ಹೊಲ, ನಡುವೆ ಆ ದೊಡ್ಡ ಹುಣಸೆಮರ, ಹಿಂದೆ ಸೆಟ್ಟೂರಿನ ಕಡೆಗೆ ಹೋಗುವ ಬಯಲು. ಬಂಡೆಯ ಮೇಲೆ ಕ್ಯಾಮೆರಾದ ಮೂರು ಕಾಲು ಊರಿದಲ್ಲಿ ಸುಣ್ಣದ ಗುರುತು ಹಾಕಿ ಬಂದಿದ್ದೇನೆ, ಮುಂದಿನ ಋತುವಿಗೂ ಅಲ್ಲೇ ನಿಲ್ಲಲು. ಕಲ್ಯಾಣದುರ್ಗದ ಲಾಡ್ಜಿನಲ್ಲಿ ತಿಗಣೆಗಳ ಜೊತೆ ಮಲಗಿ, ಮೊದಲನೇ ಬಸ್ಸಿಗೆ ಬಂದು ಗುಡ್ಡದ ಬುಡದಲ್ಲಿ ಇಳಿಯುವುದು. ಮಬ್ಬು ಹರಿಯುವ ಹೊತ್ತಿಗೆ ತೆಗೆಯುವುದು. ಗುಡ್ಡ ಇಳಿದು ನಿನ್ನ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಮೋಡ ನೋಡಿಕೊಂಡು ಹೊರಡುವವನು ಮುಂಚೆ ತಿಳಿಸಿ ಬರಲಾರ. ಬೇಜಾರು ಮಾಡಿಕೊಳ್ಳಬೇಡ.

ನಿನ್ನೆ ಪ್ರಿಂಟು ಹಾಕಿದೆ. ಚೆನ್ನಾಗಿದೆ. ಒಂದೇ ತಕರಾರು: ಮರದ ಕೆಳಗೆ ಯಾರೋ ಒಬ್ಬ ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದಾನೆ, ಅಕ್ಕಿಕಾಳಿನಷ್ಟು. ತೆಗೆಯುವಾಗ ನನಗೆ ಕಂಡಿರಲಿಲ್ಲ. ಹೊಲಕ್ಕೆ ಕಾವಲು ಇಟ್ಟದ್ದನ್ನು ನೀನು ಹೇಳಲೇ ಇಲ್ಲ. ಮುಂದಿನ ಸಲ ಅವನು ಸ್ವಲ್ಪ ಪಕ್ಕಕ್ಕೆ ನಿಂತರೆ ಸುಬ್ಬರಾಯಪ್ಪನವರಿಗೂ ನನಗೂ ಉಪಕಾರವಾಗುತ್ತದೆ.

ನಿನ್ನ ತಮ್ಮ
ಪಾಪಯ್ಯ


ಬ್ರಹ್ಮಸಮುದ್ರ
1-9-1986

ಚಿರಂಜೀವಿ ಪಾಪಯ್ಯನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಇಲ್ಲಿ ಎಲ್ಲರ ಬರವಣಿಗೆಯೂ ತೆಲುಗಿನಲ್ಲಿ. ನಾನು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಉಳಿದಿರುವುದು ನಿನಗೆ ಉತ್ತರ ಬರೆದು ಬರೆದೇ.

ಕಾವಲಿಗೆ ಯಾರನ್ನೂ ಇಟ್ಟಿಲ್ಲಪ್ಪ. ಅಷ್ಟು ಹೊತ್ತಿಗೆ ಹೊಲದಲ್ಲಿ ಯಾರೂ ಇರುವುದಿಲ್ಲ. ನಿನ್ನ ಫೋಟೋ ಕಾಗದದ ಮೇಲೆ ಕಲೆ ಬಿದ್ದಿರಬೇಕು.

ಮನೆಯಲ್ಲಿ ಒಂದು ಮಾತು ಎದ್ದಿದೆ. ನನ್ನ ಮೈದುನ ಗಿರಿಯಪ್ಪ ಮಗಳಿಗೆ ಗಂಡು ಗೊತ್ತು ಮಾಡಿದ್ದಾನೆ. ಯುಗಾದಿ ಕಳೆದ ಮೇಲೆ ಮದುವೆ. ಆದರೆ ನಿನ್ನ ಭಾವ ಸೆಟ್ಟೂರಿಗೆ ಹೋಗಿ ಎತ್ತು ನೋಡಿ ಬರುತ್ತೇನೆ ಎಂದು ಹೊರಟು, ತಿರುಗಿ ಬಾರದೆ, ಈ ಬರುವ ಮಾಘಕ್ಕೆ ಹನ್ನೆರಡು ವರ್ಷ ತುಂಬುತ್ತೆ. ಹನ್ನೆರಡು ವರ್ಷ ಕಣ್ಣಿಗೆ ಕಾಣದವರನ್ನು ಸತ್ತವರೆಂದೇ ಎಣಿಸಿ, ಹುಲ್ಲಿನ ಬೊಂಬೆ ಮಾಡಿ, ಅವರು ಹೊದ್ದ ಬಟ್ಟೆ ಅದಕ್ಕೆ ಹೊದಿಸಿ ಮಣ್ಣು ಮಾಡಬೇಕಂತೆ. ಅದು ಮುಗಿಯದೆ ಆ ಮನೆಯಲ್ಲಿ ಚಪ್ಪರ ಹಾಕಬಾರದಂತೆ. ಗಿರಿಯಪ್ಪ ಕೆಟ್ಟವನಲ್ಲ. ಹೇಳುವಾಗ ನನ್ನ ಮುಖ ನೋಡಲಿಲ್ಲ. "ಅತ್ಗೆ, ನಾನೇನು ನಮ್ಮಣ್ಣನ್ನ ಸಾಯಿಸ್ತಾ ಇಲ್ಲ ಕಣಮ್ಮ. ಪೋಯಿನೋಡು ಪೋಯಿನೋಡೇ, ಹೋದೋನು ಹೋದಂಗೇ. ಎಣಿಸ್ಕಂಬುಡಾನ ಅಂತೀನಿ ಅಷ್ಟೆ" ಎಂದ.

ಅವನು ಎಣಿಸಿಕೊಂಡರೆ ನಾನು ಕುಂಕುಮ ಅಳಿಸಬೇಕು, ತಾಳಿ ತೆಗೆದಿಡಬೇಕು. ಆಗಲಿ ಅಂತಲೂ ಹೇಳಲಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಲ್ಲ. ಒಲೆಯ ಮೇಲೆ ಎಸರು ಇಟ್ಟಿದ್ದೆ, ಎದ್ದು ಹೋದೆ.

ಮುಂದಿನ ಸಲ ಬಂದಾಗ ಒಂದು ದಿನ ಇದ್ದು ಹೋಗು.

ನಿನ್ನ ಅಕ್ಕ
ರಂಗಲಕ್ಷ್ಮಮ್ಮ


ಹಿಂದೂಪುರ
19-10-1986

ಅಕ್ಕನಿಗೆ ನಮಸ್ಕಾರ.

ಶರದೃತುವಿನ ಚಿತ್ರ ತೆಗೆದಾಯಿತು. ಮಳೆ ಹೋಗಿ ಆಕಾಶ ತೊಳೆದಿಟ್ಟ ತಟ್ಟೆಯಂತಿದೆ. ಕಡಲೆಕಾಯಿ ಗಿಡ ಕೀಳುವ ಹದಕ್ಕೆ ಬಂದು ಹಳದಿ ತಿರುಗಿದೆ. ನಾನು ತೆಗೆಯುವುದು ಕಪ್ಪು ಬಿಳುಪಿನ ಚಿತ್ರ, ಹಳದಿಯನ್ನು ಆಮೇಲೆ ಕುಂಚದಿಂದ ಹಚ್ಚಬೇಕು. ದೇವರು ಒಂದು ಸಲ ಹಚ್ಚಿದ್ದನ್ನು ನಾನು ಎರಡನೇ ಸಲ ಹಚ್ಚುತ್ತೇನೆ, ಕೂಲಿ ಮಾತ್ರ ನನಗೆ.

ಅಕ್ಕ, ಮರದ ಕೆಳಗಿನವನು ಈ ಸಲವೂ ಇದ್ದಾನೆ. ಅದೇ ಜಾಗ, ಅದೇ ಕೊಪ್ಪೆ. ಲೆನ್ಸು ಒರೆಸಿ ನೋಡಿದೆ. ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದೆ. ಬೇರೆ ಕಾಗದದ ಮೇಲೆ ಮತ್ತೆ ಪ್ರಿಂಟು ಹಾಕಿದೆ. ಕಲೆಯಾದರೆ ಒರೆಸಬಹುದು, ಕಾಲಿದ್ದರೆ ಏನು ಮಾಡಬಹುದು. ಇವನಿಗೆ ಕಾಲಿದೆ.

ಕೇಳಬಾರದ್ದು ಕೇಳುತ್ತಿದ್ದೇನೆ. ಭಾವ ಹೋಗುವಾಗ ಕಂಬಳಿ ಹೊದ್ದು ಹೋಗಿದ್ದರೇ?

ಎರಡು ಪ್ರಿಂಟನ್ನೂ ಇದರ ಜೊತೆ ಕಳಿಸಿದ್ದೇನೆ. ಕಳಿಸುವುದೋ ಬೇಡವೋ ಎಂದು ಅಂಚೆ ಡಬ್ಬಿಯ ಮುಂದೆ ನಿಂತು ಯೋಚಿಸಿದೆ. ಪೋಸ್ಟ್‌ಮ್ಯಾನ್ ಜಯಣ್ಣ ಬಂದು ಕೈಯಿಂದ ಕಿತ್ತುಕೊಂಡು ಹೋದ.

ನಿನ್ನ ತಮ್ಮ
ಪಾಪಯ್ಯ


ಬ್ರಹ್ಮಸಮುದ್ರ
5-11-1986

ಪಾಪಯ್ಯ,

ಚಿತ್ರಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಗಿರಿಯಪ್ಪನ ಕನ್ನಡಕ ಹಾಕಿಕೊಂಡು ನೋಡಿದೆ. ಅವರೇ.

ನನ್ನ ವಾರಗಿತ್ತಿ, ಗಿರಿಯಪ್ಪನ ಹೆಂಡತಿ ಈರಕ್ಕನಿಗೂ ತೋರಿಸಿದೆ. ಅವಳು ಒಂದು ಸಲ ನೋಡಿ, ಕೈಯಲ್ಲಿದ್ದ ಮೊರ ಕೆಳಗಿಟ್ಟು ಒಳಗೆ ಹೋದಳು. ಗಿರಿಯಪ್ಪ ಮಾತ್ರ, "ಯಾರೋ ಕುರಿ ಕಾಯೋನು ಇರ್ಬೇಕು ಕಣಮ್ಮ" ಎಂದ. "ಕುರಿ ಎಲ್ಲೈತೆ?" ಎಂದೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಹೊದ್ದು ಹೋಗಲಿಲ್ಲ. ಅವರ ಕಂಬಳಿ ಮನೆಯಲ್ಲೇ ಇದೆ. ಬೇರೆ ಕೊಂಡಿರಬಹುದು. ಹನ್ನೆರಡು ಚಳಿಗಾಲ ಮನುಷ್ಯ ಬರಿಮೈಯಲ್ಲಿ ಕಳೆಯುತ್ತಾನಾ?

ಮನೆಗೆ ಯಾಕೆ ಬರುತ್ತಿಲ್ಲ ಅಂತ ನೀನು ಕೇಳಬಹುದು. ಗಿರಿಯಪ್ಪನೂ ಅದನ್ನೇ ಕೇಳಿದ. ಎತ್ತಿಗೆಂದು ಕೊಟ್ಟ ದುಡ್ಡು ಏನಾಯಿತೋ, ಯಾವ ಮುಖ ಇಟ್ಟುಕೊಂಡು ಬರಬೇಕು ಎಂದು ನಿಂತಿರಬಹುದು. ಅವರಿಗೆ ನಾಚಿಕೆ ಜಾಸ್ತಿ. ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಬೇಕಾದರೂ ಕೇಳುತ್ತಿರಲಿಲ್ಲ, ತಟ್ಟೆಯಲ್ಲಿ ಬೆರಳು ಆಡಿಸುತ್ತಾ ಕೂರೋರು. ಅದಕ್ಕೇ ಈಗ ಸಂಜೆ ಹೊತ್ತು ಒಂದು ಮುದ್ದೆ ಮುತ್ತುಗದ ಎಲೆಯಲ್ಲಿಟ್ಟು ಮರದ ಬುಡದಲ್ಲಿ ಇಟ್ಟು ಬರುತ್ತಿದ್ದೇನೆ. ಬೆಳಿಗ್ಗೆ ನೋಡಿದರೆ ಎಲೆ ಖಾಲಿ.

ನನಗೆ ಒಂದು ಉಪಕಾರ ಮಾಡು. ಮುಖ ಕಾಣುವಷ್ಟು ದೊಡ್ಡದು ಮಾಡಿ ಕಳಿಸು. ಫೋಟೋ ತೆಗೆಯುವವನ ಭಾವನಿಗೆ ಒಂದು ಫೋಟೋ ಇಲ್ಲ. ನೀನು ಕರೆದಾಗೆಲ್ಲ "ಆಯಸ್ಸು ಕಮ್ಮಿ ಆಯ್ತೈತೆ ಕಣ್ಲಾ" ಎಂದು ಎದ್ದು ಹೋಗೋರು. ಇದನ್ನು ಯಾರಿಗೂ ಹೇಳಬೇಡ. ಈಗ ಎರಡು ವರ್ಷದಿಂದ ಅವರ ಮುಖ ನೆನಪಿಗೆ ಬರುತ್ತಿಲ್ಲ. ಕಿವಿ ಬರುತ್ತೆ, ಹುಬ್ಬು ಬರುತ್ತೆ. ಮುಖ ಬರುವುದಿಲ್ಲ. ಮುಖವೇ ಬಾರದವರನ್ನು ಸತ್ತರು ಅಂತ ನಾನು ಹೇಗೆ ಹೇಳಲಿ?

ಬೊಂಬೆಯ ಕೆಲಸ ಆಗುವುದಿಲ್ಲ ಅಂತ ಗಿರಿಯಪ್ಪನಿಗೆ ಹೇಳಿಬಿಟ್ಟೆ.

ಅಕ್ಕ


ಹಿಂದೂಪುರ
16-12-1986

ಅಕ್ಕನಿಗೆ,

ನಿನ್ನ ಮಾತಿನಂತೆ ದೊಡ್ಡದು ಮಾಡಲು ಕೂತೆ. ಅಕ್ಕಿಕಾಳನ್ನು ಅವರೆಕಾಳು ಮಾಡಿದೆ. ಅವರೆಕಾಳನ್ನು ಅಂಗೈ ಮಾಡಿದೆ. ದೊಡ್ಡದಾದಷ್ಟೂ ಮನುಷ್ಯ ಕರಗಿ ಚುಕ್ಕೆಗಳು ಉಳಿಯುತ್ತವೆ, ರಾಗಿ ಚೆಲ್ಲಿದ ಹಾಗೆ. ಮುಖವಿರಬೇಕಾದ ಜಾಗದಲ್ಲಿ ಕೊಪ್ಪೆಯ ಕತ್ತಲೆ ಇದೆ. ನನ್ನಲ್ಲಿರುವ ಕ್ಯಾಮೆರಾದಿಂದ ಇದಕ್ಕಿಂತ ಆಗುವುದಿಲ್ಲ. ಮದುವೆ ಮನೆಯಲ್ಲಿ ಎರಡು ಮಾರು ದೂರದಲ್ಲಿ ನಿಂತವರಿಗೆಂದು ಕೊಂಡದ್ದು ಅದು.

ಹೇಮಂತದ ಚಿತ್ರಕ್ಕೆ ಕಳೆದ ವಾರ ಬಂದಿದ್ದೆನಲ್ಲ, ಅವತ್ತು ನಿನಗೆ ಹೇಳದೆ ಇದ್ದದ್ದನ್ನು ಈಗ ಹೇಳುತ್ತೇನೆ. ಈ ಸಲ ಕ್ಯಾಮೆರಾದ ಗಾಜಿನಲ್ಲಿ ಅವನಿಗಾಗಿಯೇ ಹುಡುಕಿದೆ. ಕಂಡ. ಬುಡದಲ್ಲಿ ಮಂಜು ಹಾಸಿತ್ತು, ಅದರ ಮೇಲೆ ಕಂಬಳಿಯಿಂದ ಮೇಲಕ್ಕೆ ಮಾತ್ರ ಕಂಡ, ಬೆನ್ನು ನಮ್ಮ ಕಡೆಗೆ, ಮುಖ ಬಯಲಿನ ಕಡೆಗೆ. ಗುಂಡಿ ಒತ್ತಿ, ಕ್ಯಾಮೆರಾವನ್ನು ಬಂಡೆಯ ಮೇಲೆಯೇ ಬಿಟ್ಟು ಓಡಿದೆ. ನಲವತ್ತೈದು ದಾಟಿದವನು ಗುಡ್ಡದಿಂದ ಓಡಿ ಇಳಿಯಬಾರದು. ದಾರಿ ತಿರುಗುವಲ್ಲಿ ಮರ ಕಣ್ಣಿಗೆ ಮರೆಯಾಗುತ್ತದೆ. ನಾನು ಬುಡಕ್ಕೆ ಬಂದು ಮುಟ್ಟಿದಾಗ ಯಾರೂ ಇರಲಿಲ್ಲ. ಎಲೆ ಇತ್ತು. ಖಾಲಿಯಾಗಿತ್ತು. ಇಬ್ಬನಿಯ ಹುಲ್ಲಿನಲ್ಲಿ ನಡೆದ ಗುರುತು ಊರಿನ ಕಡೆಗೇ ಹೋಗಿತ್ತು.

ಆ ಗುರುತಿನ ಹಿಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ. ವಾಪಸ್ಸು ಗುಡ್ಡ ಹತ್ತಿ ಕ್ಯಾಮೆರಾ ತೆಗೆದುಕೊಂಡು, ರಸ್ತೆಯ ಮೇಲೆ ಬಳಸಿ ನಿನ್ನ ಮನೆಗೆ ಬಂದೆ. ನೀನು ಒಲೆ ಊದುತ್ತಿದ್ದೆ. "ಯಾಕಪ್ಪಾ, ಹಿಂಗೆ ಬೆವೆತುಬುಟ್ಟಿದೀಯ ಚಳಿಯಾಗೆ?" ಎಂದು ಕೇಳಿದೆ. ಕಾಫಿ ಬಿಸಿಯಿದೆ ಎಂದು ನಾನು ನೆಪ ಹೇಳಿದೆ, ಇನ್ನೂ ಕುಡಿದೇ ಇರಲಿಲ್ಲ.

ಬೆಂಗಳೂರಿನ ಗೆಳೆಯನೊಬ್ಬನ ಹತ್ತಿರ ದೂರದ್ದನ್ನು ಹತ್ತಿರಕ್ಕೆ ಎಳೆದು ತರುವ ದೊಡ್ಡ ಲೆನ್ಸಿನ ಕ್ಯಾಮೆರಾ ಇದೆ. ಶಿಶಿರದ ಚಿತ್ರಕ್ಕೆ ಅದನ್ನು ಕೇಳಿ ತರುತ್ತೇನೆ. ಅಲ್ಲಿಯವರೆಗೆ ಒಬ್ಬಳೇ ಏನನ್ನೂ ನಿರ್ಧಾರ ಮಾಡಬೇಡ.

ಪಾಪಯ್ಯ


ಬ್ರಹ್ಮಸಮುದ್ರ
11-1-1987

ಪಾಪಯ್ಯ ಬಾವನಿಗೆ ಗಿರಿಯಪ್ಪ ಮಾಡುವ ನಮಸ್ಕಾರ.

ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಅತ್ತಿಗೆಯ ಹತ್ತಿರ ಕನ್ನಡ ಕಲಿತ ಸ್ಕೂಲು ಹುಡುಗಿಯ ಕೈಲಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಅವಳದ್ದು, ಮಾತು ನನ್ನದು.

ಬಾವ, ನೀನು ಕಳಿಸಿದ ಫೋಟೋ ನಮ್ಮ ಮನೆಗೆ ಬಂದಾಗಿನಿಂದ ಯಾರಿಗೂ ನಿದ್ದೆ ಇಲ್ಲ. ಈರಕ್ಕ ಹೊತ್ತು ಮುಳುಗಿದ ಮೇಲೆ ಹಿತ್ತಲಿಗೂ ಹೋಗುತ್ತಿಲ್ಲ. ಅತ್ತಿಗೆ ಎರಡು ತಟ್ಟೆ ತೊಳೆದಿಡುತ್ತಾರೆ. ಬೀಗರ ಕಿವಿಗೆ ಬಿದ್ದಿದೆ. "ನಿಮ್ ಮನ್ಯಾಗೆ ಸತ್ತೋನು ಓಡಾಡ್ತಾನಂತೆ, ನಮ್ ಹುಡುಗನ್ನ ಹೆಂಗ್ ಕಳ್ಸಾನ" ಅಂತ ಕೇಳಿದರು. ನಾನೇನು ಹೇಳಲಿ? ಬದುಕಿದ್ದಾನೆ ಅಂದರೆ ಎಲ್ಲಿ ಅಂತಾರೆ. ಸತ್ತಿದ್ದಾನೆ ಅಂದರೆ ಅತ್ತಿಗೆಯ ಹಣೆ ನೋಡುತ್ತಾರೆ.

ಅವನು ನನಗೂ ಅಣ್ಣ. ಎತ್ತು ನೋಡಲು ನಾನೂ ಬತ್ತೀನಿ ಅಂದೆ ಅವತ್ತು. ಬ್ಯಾಡ ಕಣ್ಲಾ, ನೀರು ಕಟ್ಟು ಅಂದು ಒಬ್ಬನೇ ಹೋದ. ನಾನು ಹುಡುಕಿದಷ್ಟು ಅವನನ್ನು ಯಾರೂ ಹುಡುಕಿಲ್ಲ, ರಾಯದುರ್ಗ ಬಳ್ಳಾರಿ ಎಲ್ಲ ತಿರುಗಿದ್ದೇನೆ.

ಕಲ್ಯಾಣದುರ್ಗದ ಮದುವೆ ಒಂದರಲ್ಲಿ ನೀನು ಫೋಟೋ ತೆಗೆದಾಗ ಮದುವಣಗಿತ್ತಿಯ ಕೆನ್ನೆಯ ಮಚ್ಚೆ ಬ್ಲೇಡಿನಲ್ಲಿ ಗೀರಿ ತೆಗೆದೆಯಂತೆ. ಮಚ್ಚೆ ತೆಗೆದವನಿಗೆ ಮನುಷ್ಯನನ್ನು ತೆಗೆಯುವುದು ಕಷ್ಟವಾ? ಅವನಿಲ್ಲದ ಫೋಟೋ ಒಂದು ಮಾಡಿ ಕಳಿಸು. ಮೊದಲು ಬಿದ್ದದ್ದು ಕಲೆ, ಈಗ ಸರಿ ಹೋಯಿತು ಅಂತ ಬರೆ. ಅತ್ತಿಗೆ ನಿನ್ನ ಮಾತು ನಂಬುತ್ತಾರೆ. ನಮ್ಮ ಮಾತು ನಂಬುವುದಿಲ್ಲ.

ಹೆಬ್ಬೆಟ್ಟು ಅಲ್ಲ, ಸಹಿ ನನ್ನದೇ.
ಗಿರಿಯಪ್ಪ


ಹಿಂದೂಪುರ
15-2-1987

ಅಕ್ಕನಿಗೆ,

ಶಿಶಿರದ ಚಿತ್ರ ಇದರ ಜೊತೆ ಇದೆ. ಮನೆಯಲ್ಲಿ ಯಾರೂ ಇಲ್ಲದಾಗ ನೋಡು.

ಬೆಂಗಳೂರಿನ ಲೆನ್ಸಿನಿಂದ ತೆಗೆದದ್ದು. ಹೊಲ ಬರಿದು. ಮರದ ಎಲೆ ಉದುರಿ ಬೆಳಕು ಬುಡದ ತನಕ ಬಿದ್ದಿದೆ. ಅವತ್ತು ಬೆಳಿಗ್ಗೆ ಬಯಲಿನ ಕಡೆಯಿಂದ ಗಾಳಿಯಿತ್ತು. ಗಾಳಿಗೆ ಕಂಬಳಿಯ ಅಂಚು ಎದ್ದಿದೆ.

ಗಿರಿಯಪ್ಪ ನನಗೆ ಒಂದು ಕಾಗದ ಬರೆಸಿದ್ದ. ಅವನ ಮೇಲೆ ಸಿಟ್ಟಾಗಬೇಡ. ಅವನು ಹೇಳಿದಂತೆ ಬ್ಲೇಡು ಹಿಡಿದು ಕೂತದ್ದೂ ಉಂಟು. ಕೈ ಬರಲಿಲ್ಲ. ಯಾರೆಂದು ಗೊತ್ತಾದ ಮೇಲಂತೂ ಆಗಲೇ ಇಲ್ಲ.

ಹೌದು, ಯಾರೆಂದು ಗೊತ್ತಾಗಿದೆ. ನಾನು ಬರೆಯುವುದಿಲ್ಲ. ನೀನೇ ನೋಡಬೇಕು. ಈ ಸಲ ನಾನು ನಿನ್ನ ಮನೆಗೆ ಬರದೆ ಗುಡ್ಡದಿಂದ ಹಾಗೇ ಬಸ್ಸು ಹತ್ತಿದ್ದೇಕೆ ಎಂದು ನೀನು ಕೇಳಬಹುದು. ಅದು ಪ್ರಿಂಟಿನಲ್ಲಿ ಗೊತ್ತಾದದ್ದಲ್ಲ, ಅಲ್ಲೇ ಗಾಜಿನಲ್ಲಿ ಕಂಡಿತ್ತು. ಕೆಳಗೆ ಬಂದು ನಿನ್ನ ಎದುರು ಕೂತು ಉಣ್ಣುವುದು ನನ್ನಿಂದ ಆಗುತ್ತಿರಲಿಲ್ಲ.

ಪಾಪಯ್ಯ


ಬ್ರಹ್ಮಸಮುದ್ರ
22-3-1987

ಚಿರಂಜೀವಿ ಪಾಪಯ್ಯನಿಗೆ,

ನಿನ್ನ ಕಾಗದದಲ್ಲಿ ಪ್ರಾಸವಿರಲಿಲ್ಲ. ಚಿತ್ರ ತೆಗೆದು ನೋಡುವ ಮೊದಲೇ ಅದಕ್ಕೆ ಹೆದರಿದೆ.

ಮೊದಲು ಕಂಬಳಿ ನೋಡಿದೆ. ಆಮೇಲೆ ಅದರ ಕೆಳಗೆ ಸೀರೆಯ ನೆರಿಗೆ ಕಂಡಿತು. ಎರಡು ಗೆರೆಯ ಅಂಚು, ಗೌರಿ ಹಬ್ಬಕ್ಕೆ ನೀನೇ ಸುಬ್ಬರಾಯಪ್ಪನವರ ಅಂಗಡಿಯಿಂದ ತಂದುಕೊಟ್ಟದ್ದು. ಆದರೂ ಗೊತ್ತಾಗಲಿಲ್ಲ. ನನ್ನ ಸೀರೆ ಉಟ್ಟು ಯಾರು ನಿಂತಿದ್ದಾರೆ ಎಂದು ಯೋಚಿಸಿದೆ ನೋಡು. ಆಮೇಲೆ ಸೊಂಟದ ಮೇಲಿನ ಕೈ ಕಂಡಿತು. ನಮ್ಮವ್ವ ಬಾವಿಯ ಹತ್ತಿರ ಹಾಗೇ ನಿಲ್ಲುತ್ತಿದ್ದಳು. ನಾನೂ ಹಾಗೇ ನಿಲ್ಲುತ್ತೇನೆ ಅಂತ ನೀನು ಅಣಕಿಸುತ್ತಿದ್ದೆ.

ಅಷ್ಟು ಹೊತ್ತಿಗೆ ಹೊಲದಲ್ಲಿ ಯಾರೂ ಇರುವುದಿಲ್ಲ ಅಂತ ನಿನಗೆ ಬರೆದೆ. ಅದು ಸುಳ್ಳಲ್ಲ ಪಾಪಯ್ಯ. ನನ್ನನ್ನು ನಾನು ಎಣಿಸಿರಲಿಲ್ಲ. ಅವರು ಮನೆ ಬಿಟ್ಟು ಹೋದ ಆ ವರ್ಷವೇ ಚಳಿಗೆ ಅವರ ಕಂಬಳಿ ಹೊದ್ದು ಸೆಟ್ಟೂರಿನ ದಾರಿ ನೋಡಲು ಹೋದೆ. ಹೆಂಗಸರು ಸೆರಗು ಹೊದೆಯುತ್ತಾರೆ, ಕಂಬಳಿ ಕೊಪ್ಪೆ ಹಾಕುವುದು ಗಂಡಸರು. ಊರು ಕಂಡರೆ ನಗುತ್ತೆ ಅಂತ ಬೆಳಕು ಹರಿಯುವ ಮುಂಚೆ ಹೋಗಿ ಬರುತ್ತಿದ್ದೆ. ಆಮೇಲೆ ಅದು ಎದ್ದು ಮುಖ ತೊಳೆಯುವ ಹಾಗೆ ಆಗಿಹೋಯಿತು. ಮುಖ ತೊಳೆದೆ ಅಂತ ಯಾರಾದರೂ ಕಾಗದದಲ್ಲಿ ಬರೆಯುತ್ತಾರಾ? ಆ ಕಂಬಳಿಯನ್ನು ಹೊರಗಿನಿಂದ ನಾನು ಕಂಡಿದ್ದು ಅವರ ಮೈಮೇಲೆ ಮಾತ್ರ. ನನ್ನ ಮೈಮೇಲೆ ಅದು ಹೇಗೆ ಕಾಣುತ್ತೆ ಅಂತ ನನಗೆ ಹೇಗೆ ತಿಳಿಯಬೇಕು?

ಮುದ್ದೆ ನಾಯಿ ತಿಂದಿರಬೇಕು.

ಚಿತ್ರ ನೋಡಿದ ಮೂರನೇ ದಿನ ಗಿರಿಯಪ್ಪನನ್ನು ಕರೆದು, "ಬೊಂಬೆ ಕಟ್ಟಪ್ಪ" ಎಂದೆ. ಅವನು ಅಲ್ಲೇ ಕೂತು ಅತ್ತ. ಚಿತ್ರವನ್ನು ಅವನಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ.

ಹೊಲದ ಮೂಲೆಯಲ್ಲಿ ಗುಂಡಿ ತೆಗೆದರು. ರಾಗಿ ಹುಲ್ಲಿನ ಬೊಂಬೆ, ಆರಡಿ ಉದ್ದ. ಅವರು ಅಷ್ಟು ಎತ್ತರ ಇರಲಿಲ್ಲ. ಕಟ್ಟಿದವರು ಅವರನ್ನು ನೋಡಿದವರಲ್ಲ. "ಅವ್ರು ಹೊದೀತಿದ್ದುದ್ದು ಏನಾನ ಕೊಡಮ್ಮ" ಎಂದರು. ಒಳಗೆ ಹೋಗಿ ಕಂಬಳಿ ತಂದೆ. ಕೊಡುವ ಮುಂಚೆ ಒಂದು ಸಲ ಮೂಗಿಗೆ ಹಿಡಿದೆ. ಅವರ ವಾಸನೆ ಎಲ್ಲೂ ಇರಲಿಲ್ಲ. ಹೊಗೆ, ಸೀಗೆಕಾಯಿ, ನನ್ನದೇ ತಲೆಯ ಎಣ್ಣೆ. ಬೊಂಬೆಯ ತಲೆಯ ಮೇಲಿಂದ ಕೊಪ್ಪೆ ಹಾಕಿ ಹೊದಿಸಿದರು. ಆಗ ನಾನು ಗುಂಡಿಯ ದಡದಲ್ಲಿ ನಿಂತು ನೋಡಿದೆ. ನಿನ್ನ ಚಿತ್ರದಲ್ಲಿ ಇದ್ದ ಹಾಗೆಯೇ ಇತ್ತು. ನನ್ನ ಮೇಲೆ ಮಣ್ಣು ಹಾಕಿದರು ಪಾಪಯ್ಯ, ನಾನು ಎಲ್ಲರ ಜೊತೆ ನಿಂತು ಮೂರು ಹಿಡಿ ಹಾಕಿದೆ.

ಈಗ ಹಣೆ ಬರಿದು. ಕನ್ನಡಿ ನೋಡುವ ಕೆಲಸ ಕಡಿಮೆಯಾಯಿತು. ಮದುವೆಗೆ ಬೀಗರು ಒಪ್ಪಿದ್ದಾರೆ. ಫೋಟೋಕ್ಕೆ ನೀನೇ ಬರಬೇಕಂತೆ, ಗಿರಿಯಪ್ಪ ಎರಡು ಸಲ ಹೇಳಿದ್ದಾನೆ. ಬಾ. ಅವನೆದುರು ಏನನ್ನೂ ಎತ್ತಬೇಡ.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಎಚ್ಚರವಾಯಿತು. ಮಲಗಿಯೇ ಇರೋಣ ಅಂತ ಅಂದುಕೊಂಡೆ. ಮೈಗೆ ಚಳಿ ಹತ್ತಿದಾಗ ನೋಡಿಕೊಂಡರೆ ಮರದ ಕೆಳಗೆ ನಿಂತಿದ್ದೆ, ಬಯಲಿನ ಕಡೆ ಮುಖ ಮಾಡಿ. ಹೊದೆಯಲು ಏನೂ ಇರಲಿಲ್ಲ. ಬಾಗಿಲು ತೆಗೆದದ್ದು ನೆನಪಿಲ್ಲ.

ನಿನ್ನ ವಸಂತದ ಚಿತ್ರ ಇನ್ನೂ ಬಾಕಿ ಇದೆಯಲ್ಲ. ಈ ಸಲ ಯಾವ ದಿನ ಬರುತ್ತೀಯ ಅಂತ ಮುಂಚೆಯೇ ಬರೆ. ಆ ದಿನ ನಾನು ಅಲ್ಲಿ ಇರುವುದಿಲ್ಲ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲು ಈರಕ್ಕನಿಗೆ ಹೇಳುತ್ತೇನೆ. ಸುಬ್ಬರಾಯಪ್ಪನವರಿಗೆ ಹೊಲ, ಮರ, ಆಕಾಶ ಅಷ್ಟೇ ಸಿಗುತ್ತೆ.

ಉಳಿದ ದಿನಗಳ ಮಾತು ಕೇಳಬೇಡ.

ನಿನ್ನ ಅಕ್ಕ
ರಂಗಲಕ್ಷ್ಮಮ್ಮ